ಒಂದೇ ಸೀಟಿನ ದೋಣಿ

ನಮ್ಮ ಸೋದರಮಾವ ಇಷ್ಟು ಹೊತ್ತಿಗೆ ಆಫ್ರಿಕಾ ದಾಟಿರಬೇಕಾಗಿತ್ತು. ಸದ್ಯ ಸುರಪುರದ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಾರೆ. ನಡುವೆ ಏನಾಯಿತೆಂದು ನಾನೇ ಹೇಳಿಬಿಡುವುದು ಒಳ್ಳೆಯದು. ಅವರು ಹೇಳಿದರೆ ಅದರಲ್ಲಿ ಎರಡು ತಿಮಿಂಗಿಲ ಬರುತ್ತವೆ!

ಮಾವ ಬಸ್ ಕಂಡಕ್ಟರ್ ಆಗಿದ್ದವರು. ಸುರಪುರ, ಶಹಾಪುರ, ಯಾದಗಿರಿ. ಮತ್ತೆ ಯಾದಗಿರಿ, ಶಹಾಪುರ, ಸುರಪುರ. ಮೂವತ್ತು ವರ್ಷ ಇದೇ ದಾರಿ, ಅದೂ ನಿಂತೇ. ಕಂಡಕ್ಟರನಿಗೂ ಒಂದು ಸೀಟು ಇರುತ್ತದೆ, ನಿಜ. ಆದರೆ ಮಾವನ ಸೀಟಿನಲ್ಲಿ ಸದಾ ಯಾರಾದರೂ ಬಾಣಂತಿಯೋ, ಗೋಗಿಯ ದರ್ಗಾಕ್ಕೆ ಹೋಗುವ ಅಜ್ಜನೋ ಕುಳಿತಿರುತ್ತಿದ್ದರು. ಇನ್ನು ಅತ್ತೆಯ ಪಾಡು ಕೇಳಲೇಬೇಡಿ. ಅವರು ಶಹಾಪುರದ ತವರಿಗೆ ಗಂಡನ ಬಸ್ಸಿನಲ್ಲೇ ಹೋಗಬೇಕು. ಸೀಟು ಹಿಡಿದು ಕುಳಿತರೆ ಮುಂದಿನ ಸ್ಟಾಪಿನಲ್ಲೇ ಮಾವ ಬಂದು, "ಏಳು, ಅವರು ಕುಂಡ್ರಲಿ. ನೀ ಮನಿಯಾಕಿ" ಎನ್ನುತ್ತಿದ್ದರು. ಮನೆಯಾಕೆ ಎಂಬ ಒಂದೇ ತಪ್ಪಿಗೆ ಅತ್ತೆ ಮೂವತ್ತು ವರ್ಷ ಕಂಬಿ ಹಿಡಿದು ನಿಂತೇ ತವರಿಗೆ ಹೋದರು.

ನಿವೃತ್ತಿಯಾದ ಮಾರನೆಯ ದಿನ ಮಾವ ಎಲ್ಲರನ್ನೂ ಕರೆದು ಹೇಳಿದರು. "ಇಷ್ಟ ವರ್ಷ ಮಂದಿ ನಡುವ ನಿಂತ ತಿರಗೀನಿ. ಇನ್ನ ಒಬ್ಬಾಂವನ ಕುಂತ ತಿರಗ್ತೀನಿ. ಪ್ರಪಂಚ ಪೂರಾ." ಮನೆಯಲ್ಲೇ ಕಟ್ಟಿದ ಪುಟ್ಟ ದೋಣಿಯಲ್ಲಿ ಯಾರೋ ಒಬ್ಬರೇ ಭೂಮಿ ಸುತ್ತಿ ಬಂದದ್ದನ್ನು ಮೊಬೈಲಿನಲ್ಲಿ ನೋಡಿದ್ದರಂತೆ. ಸಮುದ್ರವನ್ನು ಮಾತ್ರ ನೋಡಿರಲಿಲ್ಲ. ಅದೇನು ದೊಡ್ಡ ಅಡ್ಡಿಯೇ?

ಅಂಗಳದಲ್ಲಿ ಕೆಲಸ ಶುರುವಾಯಿತು. ಬೇವಿನ ಹಲಗೆ, ಹಳೆಯ ಬಾಗಿಲುಗಳು, ಮೈಗೆಲ್ಲ ಡಾಂಬರು. ನಮ್ಮ ಓಣಿಯ ಟೇಲರ್ ಚಾಚಾ ಮಾವನ ಖಾಕಿ ಅಂಗಿಗಳನ್ನೆಲ್ಲ ಬಿಚ್ಚಿ ಹಾಯಿ ಹೊಲಿದುಕೊಟ್ಟರು. ಕಿಸೆಗಳನ್ನು ಮಾತ್ರ ಬಿಚ್ಚಲು ಅವರಿಗೆ ಮನಸ್ಸು ಬರಲಿಲ್ಲ. ಹದಿನಾಲ್ಕು ಕಿಸೆಗಳಿರುವ ಹಾಯಿ ಜಗತ್ತಿನಲ್ಲಿ ಅದೊಂದೇ ಇರಬೇಕು! ಮಾವ ಗೋಡೆಯ ಭೂಪಟದಲ್ಲಿ, ಬಸ್ಸಿನ ದಾರಿಗಿರುವಂತೆ, ಸ್ಟೇಜುಗಳನ್ನೂ ಗುರುತು ಮಾಡಿದ್ದರು. ಆಫ್ರಿಕಾದ ತುದಿಯಲ್ಲಿ ಚಹಾಕ್ಕೆ ಹತ್ತು ನಿಮಿಷ. ದೋಣಿಯೊಳಗೆ ಗುಜರಿಯಿಂದ ತಂದ ಬಸ್ಸಿನ ಸೀಟೊಂದನ್ನು ಕೂರಿಸಿದರು. ಅದನ್ನು ನೋಡಿ ಅತ್ತೆ ಒಂದೇ ಪ್ರಶ್ನೆ ಕೇಳಿದರು.

"ಒಂದ ಸೀಟೇನ್ರಿ?"

"ಒಬ್ಬಾಂವಗ ಎಷ್ಟ ಬೇಕು?"

ಅಂದಿನಿಂದ ಅತ್ತೆ ಅಂಗಳ ಗುಡಿಸುವಾಗ ದೋಣಿಯ ಸುತ್ತ ಒಂದು ಮೊಳ ಬಿಟ್ಟೇ ಗುಡಿಸುತ್ತಿದ್ದರು.

ಸಮುದ್ರಕ್ಕಿಳಿಯುವ ಮೊದಲು ಒಂಟಿಯಾಗಿರುವ ಅಭ್ಯಾಸ ಬೇಕಂತೆ. ಏಳು ದಿನ ಇಳಿಯುವುದಿಲ್ಲವೆಂದು ಮಾವ ಅಂಗಳದಲ್ಲಿದ್ದ ದೋಣಿ ಹತ್ತಿ ಕುಳಿತರು. ನಮ್ಮೂರಲ್ಲಿ ಒಬ್ಬ ಮನುಷ್ಯ ಸುಮ್ಮನೆ ಒಬ್ಬನೇ ಕುಳಿತರೆ ಬಿಡುತ್ತಾರೆಯೇ? ಪಾಪ, ಬೇಸರವಾದೀತೆಂದು ಎದುರುಮನೆಯವರು ಬಂದರು. ಅವರನ್ನು ಹುಡುಕಿಕೊಂಡು ಅವರ ಮನೆಯವರು ಬಂದರು. ಚಹಾ ಬಂತು, ಮಿರ್ಚಿ ಭಜಿ ಬಂತು. ಸಂಜೆಗೆ ದೋಣಿಯೊಳಗೆ ಒಂಬತ್ತು ಜನ! ಸಿಟ್ಟಾಗಬೇಕಿದ್ದ ಮಾವ ಎದ್ದು ನಿಂತು, "ಒಳಗ ಸರೀರಿ, ನಡುವ ಖಾಲಿ ಅದ" ಎನ್ನುತ್ತಿದ್ದರು. ಮರುದಿನ ಬೆಳಿಗ್ಗೆ, ಅಭ್ಯಾಸ ಸಾಕಷ್ಟಾಯಿತೆಂದು ಅವರೇ ಇಳಿದುಬಿಟ್ಟರು.

ಕೊನೆಗೆ ಕೃಷ್ಣಾ ಹೊಳೆಯಲ್ಲಿ ಪರೀಕ್ಷೆ. ಒಬ್ಬರೇ ಆಚೆ ದಡ ಮುಟ್ಟಿ ಬಂದರೆ ಮುಂದಿನ ವಾರ ಸಮುದ್ರ. ಟ್ರ್ಯಾಕ್ಟರಿನಲ್ಲಿ ದೋಣಿ, ಅದರ ಹಿಂದೆ ಇಡೀ ಓಣಿ. ದೂರ ಹೋಗುವವರನ್ನು ಬುತ್ತಿ ಕಟ್ಟದೆ ಕಳಿಸುವ ಜನವಲ್ಲ ನಮ್ಮದು. ಪ್ರತಿ ಮನೆಯಿಂದಲೂ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಂದು ದೋಣಿ ಸೇರಿತು. ನೀರಿಗೆ ತಳ್ಳಿದ್ದೇ ದೋಣಿ ಅಂಚಿನವರೆಗೆ ಕುಸಿಯಿತು. ಯಾರ ಗಂಟು ಇಳಿಸುವುದು? ಇಳಿಸಿದ ಗಂಟಿನವರು ಜನ್ಮಪೂರ್ತಿ ಮಾತು ಬಿಟ್ಟಾರು. ಮಾವ ತಲೆ ಕೆರೆದುಕೊಂಡು, ಎಲ್ಲ ಗಂಟುಗಳನ್ನೂ ಬಿಚ್ಚಿ ಎಲ್ಲರೂ ಉಣ್ಣಬೇಕೆಂದು ತೀರ್ಪು ಕೊಟ್ಟರು. ಪ್ರಪಂಚ ಸುತ್ತಲು ಕಟ್ಟಿದ ಬುತ್ತಿ ಒಂದು ತಾಸಿನಲ್ಲಿ ಕೃಷ್ಣೆಯ ದಡದಲ್ಲೇ ಮುಗಿಯಿತು. ದೋಣಿ ಹಗುರಾಗಿ ತೇಲಿತು.

ಮಾವ ಆ ಒಂದೇ ಸೀಟಿನಲ್ಲಿ ಕುಳಿತು ಕಂಡಕ್ಟರ್ ವಿಶಲ್ ಎರಡು ಸಲ ಊದಿದರು. ಎರಡು ಸಲವೆಂದರೆ ರೈಟ್, ಹೋಗೋಣ. ನಾವೆಲ್ಲ ಕೈ ಬೀಸಿದೆವು. ಅತ್ತೆ ಬೀಸಲಿಲ್ಲ. ದಡದ ಜಾಲಿಗಿಡದ ಟೊಂಗೆ ಹಿಡಿದು ನಿಂತಿದ್ದರು, ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುತ್ತಿದ್ದರಲ್ಲ, ಹಾಗೆಯೇ.

ನಡುಹೊಳೆಯಲ್ಲಿ ಗಾಳಿ ಸಿಕ್ಕಿತು. ಹದಿನಾಲ್ಕೂ ಕಿಸೆಗಳು ಉಬ್ಬಿದವು. ಮಾವ ತಿರುಗಿ ದಡದ ಕಡೆ ನೋಡಿದರು. ಬಹಳ ಹೊತ್ತು ನೋಡುತ್ತಲೇ ಇದ್ದರು. ಆಮೇಲೆ ವಿಶಲ್ ಕೇಳಿಸಿತು, ಒಂದೇ ಸಲ. ಒಂದು ಸಲವೆಂದರೆ ನಿಲ್ಲಿಸು, ಹತ್ತುವವರಿದ್ದಾರೆ ಎಂದರ್ಥ. ನಡುನೀರಿನಲ್ಲಿ ಹತ್ತುವವರು ಯಾರು?

ಹುಟ್ಟು ಹಾಕುತ್ತ ದಡಕ್ಕೆ ಬಂದ ಮಾವ ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಎದ್ದು, ಹೆಗಲ ಮೇಲಿನ ಟವೆಲ್ಲಿನಿಂದ ಸೀಟು ಒರೆಸಿ, ಅತ್ತೆಯನ್ನು ಕರೆದರು.

"ಬಾ. ಸೀಟ್ ಖಾಲಿ ಅದ."

ಅತ್ತೆ ಜಾಲಿಯ ಟೊಂಗೆ ಬಿಡಲಿಲ್ಲ. "ಮತ್ತ ಎಬ್ಬಸ್ತೀರಿ."

"ಇವತ್ತ ಯಾರ ಬಂದ್ರೂ ಎಬ್ಬಸಂಗಿಲ್ಲ."

ಅತ್ತೆ ಹೋಗಿ ಕುಳಿತರು. ಆಚೆ ದಡ ಮುಟ್ಟಿ ತಿರುಗಿ ಬರುವವರೆಗೂ ಕುಳಿತೇ ಇದ್ದರು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು. ನನ್ನ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಕುಳಿತು ಪ್ರಪಂಚ ಸುತ್ತುತ್ತೇನೆಂದು ಹೊರಟಿದ್ದ ನಮ್ಮ ಮಾವ, ಅಷ್ಟೂ ಹೊತ್ತು ಹಾಯಿಯ ಕಂಬ ಹಿಡಿದು ನಿಂತಿದ್ದರು.