ಬೆಟ್ಟದ ಶಿಬಿರಕ್ಕೆ ಶಿಸ್ತಿನ ಉಸ್ತುವಾರಿ

ಪುಕ್ಕಟೆ ಸೇವೆಗೆ ಹೋದವನಿಗೆ ಊಟ ತಪ್ಪಬಹುದು, ಇಂಥ ಪ್ರಸಂಗಗಳು ತಪ್ಪುವುದಿಲ್ಲ. ಬೇಸಿಗೆ ರಜೆಯಲ್ಲಿ ಶಿವಮೊಗ್ಗ, ಭದ್ರಾವತಿಯ ಮಕ್ಕಳನ್ನು ಘಟ್ಟದ ಬೆಟ್ಟವೊಂದಕ್ಕೆ ಕರೆದೊಯ್ಯುವ ಶಿಬಿರದಲ್ಲಿ ನಾನು ಸ್ವಯಂಸೇವಕ. ಶಿಸ್ತು ನನ್ನ ಖಾತೆ. ಈ ಸಲ ಫಾರೆಸ್ಟ್ ಗಾರ್ಡ್ ಮೊದಲ ದಿನವೇ ಹೇಳಿಬಿಟ್ಟ: "ಕೊನೇ ದಿನ ಬೆಟ್ಟದ ತುದಿಗೆ ನಾನೇ ಕರ್ಕೊಂಡು ಹೋಗ್ತೀನಿ ಸಾರ್. ಆದ್ರೆ ಗಲಾಟೆ ಮಾಡೋರನ್ನ ಮೇಲೆ ಬಿಡಲ್ಲ. ಪ್ರಾಣಿಗಳಿರೋ ಜಾಗ."

ಮಕ್ಕಳು ಬಂದದ್ದೇ ಆ ತುದಿಗಾಗಿ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನ ಒಬ್ಬ ಹುಡುಗಿಯಂತೂ ಹಲ್ಲುಜ್ಜುತ್ತಿದ್ದವಳು ಬ್ರಷ್ ಹೊರತೆಗೆದು, "ಸಾರ್, ನಮ್ಮನ್ನ ಹತ್ತಿಸ್ತಾರಲ್ವಾ?" ಎನ್ನುತ್ತಿದ್ದಳು.

ಹವಾಮಾನದ ಜವಾಬ್ದಾರಿ

ರೇನ್‌ಕೋಟ್ ಕಡ್ಡಾಯ ಎಂದು ಪಾಲಕರಿಗೆ ಮೊದಲೇ ತಿಳಿಸಿದ್ದೆ. ಶಿವಮೊಗ್ಗ ವಿನೋಬನಗರದ ಒಬ್ಬ ತಾಯಿ ಮಗನಿಗೆ ಕೂಲಿಂಗ್ ಗ್ಲಾಸ್ ಕೊಟ್ಟು ಕಳಿಸಿದ್ದರು. "ಬೆಟ್ಟ ಅವನಿಗೇನು ಹೊಸದಲ್ಲ ಸಾರ್, ರಾಗಿಗುಡ್ಡಕ್ಕೆ ಎಷ್ಟೋ ಸಲ ಹೋಗಿದಾನೆ." ಹೌದು, ಅಪ್ಪನ ಸ್ಕೂಟರಿನಲ್ಲಿ.

ಬೆಳಿಗ್ಗೆ ಚುರುಗುಟ್ಟುವ ಬಿಸಿಲು, ತಿಂಡಿಯ ಹೊತ್ತಿಗೆ ಮಂಜು, ಆಮೇಲೆ ಆಲಿಕಲ್ಲು. ಹುಡುಗ ಕನ್ನಡಕದ ಸಮೇತ ತೊಯ್ದ. ಮಧ್ಯಾಹ್ನ ತಾಯಿಯ ಫೋನು.

"ಏನ್ಸಾರ್ ಇದು? ಇಲ್ಲಿ ನಮ್ಮನೆ ಮುಂದೆ ಹಪ್ಪಳ ಒಣಗ್ತಾ ಇದೆ. ನೀವು ನೋಡಿದ್ರೆ ಮಗೂನ ಮಳೇಲಿ ಇಟ್ಟಿದೀರಂತೆ?"

"ಮಳೆ ಶಿಬಿರದ ಶುಲ್ಕದಲ್ಲೇ ಸೇರಿದೆ ಮೇಡಂ" ಎಂದೆ.

"ಹಾಗಾದ್ರೆ ಎಲ್ಲ ಮಕ್ಕಳಿಗೂ ಕೊಟ್ರಾ?" ಎಂದು ಖಚಿತಪಡಿಸಿಕೊಂಡು, ಸಮಾಧಾನದಿಂದ ಫೋನಿಟ್ಟರು.

ಕಾಲಿಗೆ ಜಮಾ

ನನ್ನ ಜೊತೆಯ ಇನ್ನೊಬ್ಬ ಸ್ವಯಂಸೇವಕರು ಬಯಲುಸೀಮೆಯಿಂದ ವರ್ಗವಾಗಿ ಬಂದ ಬ್ಯಾಂಕ್ ನೌಕರರು. ನಿಸ್ವಾರ್ಥ ಸೇವೆಯ ಬಗ್ಗೆ ಬಸ್ಸಿನುದ್ದಕ್ಕೂ ನಮಗೆ ಉಪದೇಶ ಮಾಡಿದವರು. ಬಸ್ಸಿಳಿಯುತ್ತಿದ್ದಂತೆ ಅವರಿಗೆ ಗಾರ್ಡ್, "ನಮ್ಮಲ್ಲಿ ಉಂಬಳ ಜೋರು ಸಾರ್, ಮಳೆ ಬಂದ್ರಂತೂ ಡಬಲ್" ಎಂದ.

ಜಿಗಣೆಗೆ ಮಲೆನಾಡಿನಲ್ಲಿ ಉಂಬಳ ಎನ್ನುತ್ತಾರೆಂದು ಇವರಿಗೇನು ಗೊತ್ತು? ಸಂಬಳ ಎಂದು ಕೇಳಿಸಿಕೊಂಡರು. ನಿಸ್ವಾರ್ಥ ಮುಖ ಅರಳಿತು.

"ನಮಗೂ ಇದೆಯಾ?"

"ಎಲ್ಲರಿಗೂ ಉಂಟು. ಹುಲ್ಲಿಗೆ ಇಳಿದ ಕೂಡ್ಲೇ."

"ಅಕೌಂಟ್ ನಂಬರ್ ಕೊಡ್ಬೇಕಾ?"

ಅವರನ್ನು ಗಾರ್ಡ್ ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದ: "ಬೇಡ ಮಾರಾಯ್ರೆ, ಕಾಲು ಕೊಟ್ರೆ ಸಾಕು."

ಸಂಜೆಯೊಳಗೆ ಎರಡೂ ಕಾಲಿಗೆ ಬೋನಸ್ ಸಮೇತ ಜಮಾ ಆಗಿತ್ತು.

ತಿದ್ದುಪಡಿ

ಕೊನೆಯ ದಿನ ಬೆಟ್ಟ ಹತ್ತುವ ಮುಂಚೆ ನನ್ನ ಭಾಷಣ. ಮಕ್ಕಳು ಅಂಗಳದಲ್ಲಿ ನನ್ನೆದುರು ಕೂತಿದ್ದರು. ಅವರ ಹಿಂದೆ ಗಾರ್ಡ್, ಯಾರನ್ನು ಬಿಡಬೇಕು ಯಾರನ್ನು ಬಿಡಬಾರದು ಎಂದು ತೂಗುತ್ತ ನಿಂತಿದ್ದ. ಕಾಡುಪ್ರಾಣಿ ಎದುರಾದರೆ ಕದಲಬಾರದು, ಕಿರುಚಬಾರದು ಎಂದು ನಾನು ವಿವರಿಸುತ್ತಿದ್ದೆ. ಗಾರ್ಡ್ ತುಟಿಯ ಮೇಲೆ ಬೆರಳಿಟ್ಟ. ಮಕ್ಕಳನ್ನು ಸುಮ್ಮನಿರಿಸುತ್ತಿದ್ದಾನೆಂದು ಮೆಚ್ಚಿಕೊಂಡೆ.

ಆಗ ಭದ್ರಾವತಿಯ ಹುಡುಗಿ ಮೆಲ್ಲಗೆ ಕೈಯೆತ್ತಿ, ಪಿಸುದನಿಯಲ್ಲಿ ಹೇಳಿದಳು: "ಸಾರ್, ಕಾಟ್ಟು ಮಾಡು."

ಭಾಷಣ ಕಟ್ ಮಾಡಬೇಕಂತೆ. ಅದೂ ಏಕವಚನದಲ್ಲಿ.

"'ಕಾಟ್ಟು' ಅಲ್ಲಮ್ಮ, ಕಟ್" ಎಂದು ಮೊದಲು ಇಂಗ್ಲಿಷ್ ತಿದ್ದಿದೆ. "'ಮಾಡು' ಅಲ್ಲ, 'ಮಾಡಿ'. ದೊಡ್ಡವರಿಗೆ ಬಹುವಚನ. ಎಲ್ಲಿ, ಇನ್ನೊಂದ್ಸಲ ಹೇಳು."

ಹುಡುಗಿ ವಿಧೇಯಳಾಗಿ, "ಕಟ್ ಮಾಡಿ ಸಾರ್" ಎಂದಳು. ಆಮೇಲೆ ನನ್ನ ಬೆನ್ನ ಹಿಂದಕ್ಕೆ ಬೆರಳು ತೋರಿಸಿ, "ಆದ್ರೆ ಅದು ಕಾಟ್ಟು ಮಾಡೇ ಸಾರ್" ಎಂದಳು.

ಅವಳ ಮನೆಮಾತು ತಮಿಳು. ತಮಿಳಿನಲ್ಲಿ ಕಾಟ್ಟು ಮಾಡು ಎಂದರೆ ಕಾಡುಕೋಣ.

ತಿರುಗಿದೆ. ಅದು ನನ್ನ ವ್ಯಾಕರಣ ಪಾಠವನ್ನು ಅಡುಗೆ ಶೆಡ್ಡಿನ ಪಕ್ಕದಿಂದ ಗಮನವಿಟ್ಟು ಕೇಳುತ್ತಿತ್ತು. ನನ್ನ ಬಾಯಿಂದ ಹೊರಟ ಸದ್ದನ್ನು ಕನ್ನಡವೆಂದಾಗಲಿ ಇಂಗ್ಲಿಷೆಂದಾಗಲಿ ಕರೆಯುವುದು ಕಷ್ಟ. ಮರುಕ್ಷಣ ನಾನು ಅಂಗಳದಲ್ಲಿ ನಿಂತಿದ್ದ ಅರಣ್ಯ ಇಲಾಖೆಯ ಜೀಪಿನ ಬಾನೆಟ್ ಮೇಲಿದ್ದೆ. ಕೋಣ ಗಾಬರಿಯಿಂದ ಕಾಡು ಸೇರಿತು. ಮಕ್ಕಳಲ್ಲಿ ಒಬ್ಬರೂ ಕದಲಿರಲಿಲ್ಲ, ಕಿರುಚಿರಲಿಲ್ಲ.

ಗಾರ್ಡ್ ಮುಂದೆ ಬಂದು ಹುಡುಗಿಗೆ, "ಬಾಟ್ಲಿ ತಗೋ ಪುಟ್ಟಿ, ಎಲ್ರೂ ಹೊರಡೋಣ" ಎಂದ. ಆಮೇಲೆ ಬಾನೆಟ್ಟಿನ ಕಡೆ ತಲೆಯೆತ್ತಿ, ಬಹುವಚನದಲ್ಲೇ ಹೇಳಿದ:

"ನೀವು ಮಾತ್ರ ಇಲ್ಲೇ ಇರಿ ಸಾರ್. ಪ್ರಾಣಿಗಳು ಹೆದರ್ತವೆ."