ಮೂರನೆಯ ಸಲ ಕೇಳಿದಾಗ

ಮಂಗಳವಾರ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ನಾನು ಬ್ಯಾಡಗಿಯ ನಮ್ಮ ಬಾಡಿಗೆ ಮನೆಯ ಅಡುಗೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಲೆಯಿಂದ ಎರಡು ಗೇಣು ಎಡಕ್ಕೆ ನಿಂತಿದ್ದೆ. ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಲ್ಲೊಂದೇ ಕಡೆ. ಹೆಂಡತಿ ತಂಗಿಯ ಬಾಣಂತನಕ್ಕೆಂದು ರಾಣೆಬೆನ್ನೂರಿಗೆ ಹೋಗಿ ಒಂಬತ್ತು ದಿನವಾಗಿತ್ತು.

ನನ್ನ ಮುಂದಿದ್ದ ಕೆಲಸ ಸಣ್ಣದು. ಪ್ರೋಗ್ರಾಮುಗಳ ಹಳೆಯ ಹೊಸ ಪ್ರತಿಗಳನ್ನೆಲ್ಲ ಕಾಯ್ದಿಡುವ ಒಂದು ಸಾಧನವನ್ನು ನಮ್ಮ ಹಾವೇರಿ ಕಚೇರಿ ತಯಾರಿಸುತ್ತದೆ. ಇನ್ನೂ ದಾಖಲಾಗದ ಫೈಲುಗಳನ್ನು ಅಳಿಸಲು ಅದರಲ್ಲೊಂದು ಕಮಾಂಡ್ ಇದೆ. ಅಳಿಸುವ ಮುಂಚೆ ಒಮ್ಮೆ ಕೇಳಲಿ ಎಂದು ಸಹೋದ್ಯೋಗಿ ಶಿವಲೀಲಾ ಅದಕ್ಕೊಂದು ಆಪ್ಷನ್ ಸೇರಿಸಿದ್ದಳು. ನಾಲ್ಕೇ ಸಾಲು. ಪರಿಶೀಲಿಸಿ ಒಪ್ಪಿಗೆ ಕೊಡುವವನು ನಾನು.

ನಾಲ್ಕು ಸಾಲನ್ನು ನಾಲ್ಕು ದಿನ ಪರಿಶೀಲಿಸಿದೆ. ಒಪ್ಪಿಬಿಟ್ಟರೆ ಅವಳು ಫೋನ್ ಮಾಡುವುದು ನಿಲ್ಲುತ್ತದಲ್ಲ!

"ಸರ, ಇವತ್ತರ ಒಪ್ಪಿಗಿ ಕೊಡ್ರಿ," ಎಂದಳು ಶಿವಲೀಲಾ ಫೋನಿನಲ್ಲಿ.

"ಒಂದ ಸಲ ಕೇಳಿ ಬಿಟ್ಟಬಿಡ್ತೈತಲ್ಲವಾ. ನಮ್ಮ ಕಡೆ ಹಂಗ ಯಾರರ ಬಿಡ್ತಾರೇನು? ಬ್ಯಾಡ ಅಂದ್ರೂ ಮೂರು ಸಲ ಕೇಳಬೇಕು."

"ಅದು ರೊಟ್ಟಿ ನೀಡೂ ಮುಂದ ರೀ ಸರ! ಇಲ್ಲಿ ಬ್ಯಾಡ ಅಂದ್ರ ಬ್ಯಾಡ!"

'ಸುರಕ್ಷತೆಯ ದೃಷ್ಟಿಯಿಂದ ಅನಿವಾರ್ಯ' ಎಂದು ಷರಾ ಬರೆದೆ. ಅವಳು ಮೂರು ಸಲ ಕೇಳುವಂತೆ ತಿದ್ದಿ ಕಳಿಸಿದಳು.

ಖಾಲಿ ಫೋಲ್ಡರಿನಲ್ಲಿ ಪರೀಕ್ಷಿಸುವುದು ರೂಢಿ. ನಾನು ನನ್ನ ಕೆಲಸದ ಫೋಲ್ಡರಿನಲ್ಲೇ ಪರೀಕ್ಷಿಸಿದೆ. ಅದರಲ್ಲಿ ನನ್ನ ಒಂದು ತಿಂಗಳ ದುಡಿಮೆಯಿತ್ತು. ದಾಖಲಿಸಿರಲಿಲ್ಲ, ಬೇರೆ ಪ್ರತಿಯೂ ಇರಲಿಲ್ಲ. ಆದರೆ ಬೇಡ ಎನ್ನಬೇಕಾದವನು ನಾನೇ ತಾನೇ, ಭಯವೇನು? ಶಿವಲೀಲಾ ಹಾವೇರಿಯಿಂದಲೇ ನನ್ನ ಪರದೆ ನೋಡುತ್ತಿದ್ದಳು. ಅದೇ ಹೊತ್ತಿಗೆ ಪಕ್ಕದ ಮನೆಯ ಗಂಗವ್ವ ಝುಣಕದ ಡಬ್ಬಿ ಹಿಡಿದು ಬಾಗಿಲಲ್ಲಿ ಬಂದು ನಿಂತರು.

ಕಮಾಂಡ್ ಕೊಟ್ಟೆ. 'ಅಳಿಸಲೇ?' ಎಂದಿತು. ಬೇಡ ಎಂದೆ.

'ನಿಜವಾಗಿಯೂ ಬೇಡವೇ?' ಎಂದಿತು. ಬೇಡ ಎಂದೆ. ಆದರೆ ಮನಸ್ಸು ಮೆತ್ತಗಾಗಿತ್ತು. ಒಂಬತ್ತು ದಿನಗಳಲ್ಲಿ ಇಷ್ಟು ಆಸ್ಥೆಯಿಂದ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ.

'ಇನ್ನೊಮ್ಮೆ ಕೇಳುತ್ತೇನೆ, ಅಳಿಸಲೇ?' ಎಂದಿತು.

ಮೂರನೆಯ ಸಲ ಕೇಳಿದಾಗ ಒಲ್ಲೆ ಎನ್ನುವುದನ್ನು ನಮ್ಮ ಮನೆಯಲ್ಲಿ ನನಗೆ ಯಾರೂ ಕಲಿಸಿಲ್ಲ.

ಹೂಂ ಎಂದು ಒತ್ತಿದೆ.

ಎರಡು ಸೆಕೆಂಡು. ತಿಂಗಳು ಹೋಯಿತು!

"ಸರ! ಹೂಂ ಯಾಕ ಅಂದ್ರಿ?" ಶಿವಲೀಲಾ ಚೀರಿದಳು.

"ಅಷ್ಟು ಕೇಳಾಕತ್ತಿತ್ತವಾ..." ಎಂದೆ.

ಇದನ್ನು ಕಣ್ಣಾರೆ ಕಂಡವರು ಇಬ್ಬರು. ಶಿವಲೀಲಾ ಹಾವೇರಿಯಲ್ಲಿ ಕ್ಷೇಮವಾಗಿದ್ದಾಳೆ. ಗಂಗವ್ವನವರೂ ಗಟ್ಟಿಮುಟ್ಟಾಗಿದ್ದಾರೆ. ಎಷ್ಟು ಗಟ್ಟಿ ಎಂದರೆ, ಡಬ್ಬಿ ಕೆಳಗಿಡುವ ಮೊದಲೇ ರಾಣೆಬೆನ್ನೂರಿಗೆ ಫೋನ್ ಹಚ್ಚಿದರು:

"ಲಗೂ ಬಾರವಾ. ನಿನ್ನ ಗಂಡ ಮಷಿನ್ ಕೇಳಿದ್ದಕ್ಕೂ ಹೂಂ ಅನ್ನಾಕತ್ತಾನ!"