ಇವ್ರಿಗೆ ಆರ್ಟ್ ಅದೆ ಕಣವ್ವ

ಬೇರೆಯವರು ಗಂಡ ಹೆಂಡತಿ ಊರು ಸುತ್ತಿದರೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ನಾನೂ ನನ್ನ ಹೆಂಡತಿಯೂ ಎಲ್ಲಿಗೇ ಹೋದರೂ ಒಂದು ಎಡವಟ್ಟು ಮಾಡಿಕೊಂಡೇ ಬರುತ್ತೇವೆ. ಎಲ್ಲಕ್ಕೂ ಮೂಲ ಒಂದೇ ಅಕ್ಷರ. ನಮ್ಮ ಕಡೆ ಹಕಾರ ನಾಲಿಗೆಗೆ ಹತ್ತುವುದಿಲ್ಲ. ಹಾಲು ಆಲಾಗುತ್ತದೆ, ಹೋಗು ಓಗಾಗುತ್ತದೆ, ನನ್ನ ಹಾರ್ಟು ಆರ್ಟಾಗುತ್ತದೆ.

ಮೂವತ್ತು ವರ್ಷ ಸರ್ಕಾರಿ ಬಸ್ಸಿನ ಸ್ಟೀರಿಂಗ್ ಹಿಡಿದು ಕೂತವನು ನಾನು. ಎರಡು ವರ್ಷದ ಹಿಂದೆ ಎದೆ ಹಿಡಿದುಕೊಂಡಿತು. ಸ್ಟೆಂಟ್ ಹಾಕಿ ಕಳಿಸಿದ ಡಾಕ್ಟರು ದಿನಾ ಒಂದು ಗಂಟೆ ನಡೆಯಿರಿ ಎಂದರು. ಡ್ರೈವರಾದವನು ನಡೆಯುತ್ತಿದ್ದಾನೆ ಅಂದರೆ ಬಸ್ಸು ಕೆಟ್ಟಿದೆ ಎಂದೇ ಅರ್ಥ. ಚಂದಕವಾಡಿಯ ನಮ್ಮ ಬೀದಿಯ ತುದಿ ಮುಟ್ಟುವುದರೊಳಗೆ ಯಾರದಾದರೂ ಜಗಲಿ ನೋಡಿ ಕೂತುಬಿಡುತ್ತಿದ್ದೆ. ಹೆಂಡತಿ ಬೈದು ಬೈದು ಸಾಕಾಗಿದ್ದಳು.

ಬರಿ ಹೊಟ್ಟೆಯ ಕ್ಯಾಂಪು

ಒಂದು ದಿನ ಪಕ್ಕದ ಮನೆಯ ಅಕ್ಕ ಬೇಲಿಯಾಚೆಯಿಂದಲೇ ಕೂಗಿ ಹೇಳಿದರು. "ಭಾನ್ವಾರ ಚಾಮ್ರಾಜ್ನಗರದಲ್ಲಿ ಆರ್ಟ್ ಕ್ಯಾಂಪಂತೆ ಕಣಮ್ಮಿ. ಫ್ರೀಯಂತೆ."

ಹೆಂಡತಿ ಬೆಳಗಿನಿಂದ ನನಗೆ ನೀರೂ ಕೊಡಲಿಲ್ಲ, ರಕ್ತ ತೆಗೆಯುತ್ತಾರೇನೋ ಎಂದು. ಆಸ್ಪತ್ರೆಯ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ಕೂಲೊಂದರ ಹಾಲಿಗೆ ನುಗ್ಗಿದೆವು. ಕನ್ನಡಕದ ಹುಡುಗಿಯೊಬ್ಬಳು ಹೆಸರು ಬರೆದುಕೊಂಡಳು. ಕ್ಯಾಂಪ್ ನಡೆಸುವವಳು ಅವಳೇ.

"ಸರ್‌ಗೆ ಆರ್ಟ್ ಯಾವಾಗಿಂದ?"

"ಒಂದೂವರೆ ವರ್ಸದಿಂದ ಕಣವ್ವ," ಎಂದಳು ಹೆಂಡತಿ. "ಅದಕ್ ಮುಂಚೆ ಏನೂ ಇರ್ನಿಲ್ಲ. ಬಸ್ ಓಡಿಸಿ ಮನೇಗ್ ಬಂದಿದ್ರು, ಇದ್ದಕ್ಕಿದ್ದಂಗೆ ಬಂದ್ಬುಡ್ತು."

"ಅದು ಹಾಗೇ ಅಮ್ಮಾ, ಹೇಳಿ ಕೇಳಿ ಬರಲ್ಲ. ಮನೇಲಿ ಬೇರೆ ಯಾರಿಗಾದ್ರೂ ಇತ್ತಾ?"

"ಇವ್ರಪ್ಪಂಗೂ ಇತ್ತು. ಅದ್ರಲ್ಲೇ ಓಗ್ಬುಟ್ರು."

"ಕೊನೇವರೆಗೂ ಬಿಡಲಿಲ್ಲ ಅನ್ನಿ. ದೊಡ್ಡವರು," ಎಂದು ಹುಡುಗಿ ಕೈ ಮುಗಿದಳು.

ನನ್ನ ಕೈಗೆ ಹಾಳೆ, ಬಣ್ಣ, ಬ್ರಷ್ಷು ಬಂತು. ಕೈ ನಡುಗುತ್ತದೋ ಇಲ್ಲವೋ ನೋಡುವ ಹೊಸ ಟೆಸ್ಟ್ ಇರಬೇಕು ಎಂದುಕೊಂಡು, ಫೈಲಿನ ಮೇಲೆ ಹಾಳೆಯಿಟ್ಟು ಎರಡು ಗಂಟೆ ಬೆವರಿ ಒಂದು ಎಮ್ಮೆ ಬರೆದೆ. ಹುಡುಗಿ ಎಲ್ಲರ ಹಾಳೆಗಳನ್ನೂ ಬಾಚಿಕೊಂಡು ಹೋದಳು. ಆಮೇಲೆ ಹೆಂಡತಿ ಅವಳ ಹಿಂದೆಯೇ ಹೋಗಿ ಕೇಳಿದಳಂತೆ, "ಬಿಪಿ ಯಾವಾಗ ನೋಡ್ತೀರವ್ವ? ಇವ್ರು ಇನ್ನೂ ಕಾಪಿ ಕುಡಿದಿಲ್ಲ."

ಒಳಗೆ ಬಲ್ಬು

ಆ ದಿನ ಗೋಡೆಗೆ ತಗುಲಿಹಾಕಿದ್ದ ಚಿತ್ರ ನೋಡುತ್ತಾ ನೋಡುತ್ತಾ ನಾನು ಒಂದೂವರೆ ಗಂಟೆ ನಡೆದಿದ್ದೆನಂತೆ. ನನಗೆ ಗೊತ್ತೇ ಆಗಿರಲಿಲ್ಲ. ಹೆಂಡತಿ ಮಾತ್ರ ಗಡಿಯಾರ ನೋಡಿಕೊಂಡಿದ್ದಳು. ಅಲ್ಲಿಂದಾಚೆ ಎಲ್ಲಿ ಪ್ರದರ್ಶನ, ಎಲ್ಲಿ ಕರಕುಶಲ ಮೇಳ ಅಂದರೂ "ನಡೀರಿ, ನೋಡ್ಕಂಡ್ ಬರನ" ಎಂದು ಬಸ್ ಹತ್ತಿಸುತ್ತಾಳೆ. ನಾನು ಓಡಿಸಿದ ರಸ್ತೆಯಲ್ಲೇ ಪ್ರಯಾಣಿಕನಾಗಿ ಕೂತು, ತಿರುವು ಬಂದಾಗೆಲ್ಲ ಇಲ್ಲದ ಬ್ರೇಕು ಒತ್ತುತ್ತೇನೆ.

ಗುಂಡ್ಲುಪೇಟೆಯ ಒಂದು ಮೇಳದಲ್ಲಿ ಬಿದಿರಿನ ಬುಟ್ಟಿಗಳನ್ನು ಬೋರಲಾಗಿ ಸಾಲಾಗಿ ನೇತುಹಾಕಿದ್ದರು. ಹೆಂಡತಿ ಒಂದರೊಳಗೆ ಬಗ್ಗಿ ನೋಡಿ, "ಕೋಳಿ ಮುಚ್ಚಾದನ್ನ ಮ್ಯಾಲಕ್ಕೆ ಯಾಕ್ ಕಟ್ಟೀರಿ?" ಎಂದಳು.

ಮಾರುವಾಕೆಗೆ ಸ್ವಲ್ಪ ಬೇಜಾರಾಯಿತು. "ಇದು ಕೋಳಿ ಬುಟ್ಟಿ ಅಲ್ಲ ಮೇಡಂ. ಇದರೊಳಗೆ ಬಲ್ಬ್ ಹಾಕ್ತಾರೆ."

"ನಾವೂ ಆಕ್ತೀವಿ ಕಣವ್ವ," ಎಂದಳು ಇವಳು. "ಮರಿಗೆ ಚಳಿಯಾದಾಗ."

ಲೇಟೇನಾಗ್ನಿಲ್ಲ

ಊಟಿ ರಸ್ತೆಯಲ್ಲಿ ಟೂರಿಸ್ಟುಗಳಿಗೆಂದು ಕೆಫೆಗಳು ಎದ್ದಿವೆ. ಭೀಮನಬೀಡಿನ ನಮ್ಮ ಷಡ್ಡಕನ ಮನೆಗೆ ಹೋಗಿ ಬರುವಾಗ ಒಂದಕ್ಕೆ ನುಗ್ಗಿದೆವು. ಮಲಯಾಳಿ ಮಾಲೀಕ ತಾನೇ ಎರಡು ಕಪ್ ತಂದಿಟ್ಟ. ಕಾಫಿಯ ನೊರೆಯ ಮೇಲೆ ಹೃದಯದ ಚಿತ್ರ.

ಹೆಂಡತಿ ಬೆಚ್ಚಿಬಿದ್ದು ನನ್ನನ್ನು ನೋಡಿದಳು. "ಇವರ್ಗ್ಯಾರು ಏಳ್ದೋರು?"

ಮಾಲೀಕ ಖುಷಿಯಿಂದ, "ಚೇಚಿ, ಇದು ಲಾಟೆ ಆರ್ಟ್," ಎಂದ.

"ಇಲ್ಲ ಕಣಪ್ಪ, ಲೇಟೇನಾಗ್ನಿಲ್ಲ," ಎಂದಳು ಇವಳು. "ಅರ್ದ ಗಂಟೇಲೇ ಆಸ್ಪತ್ರೆಗೆ ಸೇರಿಸ್ಬುಟ್ಟೆ."

ಅವನಿಗೆ ಏನೂ ಅರ್ಥವಾಗಲಿಲ್ಲ. ನನಗೆ ಆಯಿತು. ಅವತ್ತು ಚಪ್ಪಲಿ ಹಾಕಿಕೊಳ್ಳದೆ ಬೀದಿಗೆ ಓಡಿ, ಟೊಮೇಟೊ ತುಂಬಿಕೊಂಡು ಹೋಗುತ್ತಿದ್ದ ಆಟೋವನ್ನು ಅಡ್ಡಗಟ್ಟಿ, ಕ್ರೇಟುಗಳನ್ನು ತಾನೇ ಇಳಿಸಿ ನನ್ನನ್ನು ಹತ್ತಿಸಿದವಳು ಇವಳು. ಇದಕ್ಕೆ ಒಂದು ದಿನವೂ ಬಾಯಿ ತೆರೆದು ಥ್ಯಾಂಕ್ಸ್ ಅಂದಿರಲಿಲ್ಲ. ಆಗಲೂ ಹೇಳುವ ಬದಲು ಕಾಫಿ ಕುಡಿಯಹೋದೆ. ಅವಳು ಕೈ ಹಿಡಿದು, "ನಿದಾನಕ್ಕೆ, ಅಂಚಿಂದ ಕುಡೀರಿ. ಅದು ಒಡೆದ್ಗಿಡೆದಾತು," ಎಂದಳು.

ಗೋಡೆಯ ಮೇಲಿನ ನಾನು

ಹೋದ ತಿಂಗಳು ಚೆಕಪ್‌ನಲ್ಲಿ ಹೊಸ ಇಸಿಜಿ ನೋಡಿ ಡಾಕ್ಟರು ಹುಬ್ಬು ಗಂಟಿಕ್ಕಿದರು. "ಇಲ್ಲೊಂದು ಬದಲಾವಣೆ ಇದೆ. ಹಳೇ ಇಸಿಜಿಯಲ್ಲೂ ಇದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಮೈಸೂರಿಗೆ ಹೋಗಿ ಮತ್ತೆ ಅಡ್ಮಿಟ್ ಆಗಬೇಕಾಗುತ್ತೆ. ಶನಿವಾರ ಗುಂಡ್ಲುಪೇಟೆ ಕ್ಲಿನಿಕ್ಕಿಗೆ ಬರ್ತೀನಿ, ಹಳೇದು ತನ್ನಿ."

ಫೈಲಿನಲ್ಲಿ ಹಳೆಯದು ಇರಲಿಲ್ಲ. ಹೆಂಡತಿ ಅಟ್ಟ ಹುಡುಕಿದಳು, ಅಕ್ಕಿ ಡಬ್ಬ ಹುಡುಕಿದಳು, ದೇವರ ಪಟದ ಹಿಂದೆ ಹುಡುಕಿದಳು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನಗೂ ಭಯವಿತ್ತು, ಅವಳ ಮುಂದೆ ತೋರಿಸಲಿಲ್ಲ.

ಶುಕ್ರವಾರ ಕ್ಯಾಂಪಿನ ಹುಡುಗಿಯ ಫೋನು. "ಸರ್, ನಿಮ್ಮ ಕೃತಿ ಆಯ್ಕೆಯಾಗಿದೆ. ನಾಳೆ ಗುಂಡ್ಲುಪೇಟೇಲಿ ಪ್ರದರ್ಶನ."

ಎಮ್ಮೆಯನ್ನಾದರೂ ನೋಡಿಕೊಂಡು ಡಾಕ್ಟರ ಬಳಿ ಹೋಗೋಣ ಎಂದು ಹೋದೆವು. ಎಮ್ಮೆ ಎಲ್ಲೂ ಇರಲಿಲ್ಲ. ನಟ್ಟನಡುವಿನ ಗೋಡೆಯಲ್ಲಿ, ಗಾಜಿನ ಫ್ರೇಮಿನೊಳಗೆ, ಮೂಲೆಯಲ್ಲಿ ನನ್ನ ಹೆಸರು ವಯಸ್ಸಿನ ಸಮೇತ, ನನ್ನ ಹಳೇ ಇಸಿಜಿ ಕೂತಿತ್ತು. ಅವತ್ತು ಎಮ್ಮೆಯ ಹಾಳೆಯ ಜೊತೆ ಅದೂ ಸೇರಿಹೋಗಿತ್ತು. ಬೆವರು ಸುರಿಸಿ ಬರೆದದ್ದು ಆಯ್ಕೆಯಾಗಲಿಲ್ಲ, ಮಂಚದ ಮೇಲೆ ಮಲಗಿಕೊಂಡು ಬರೆದದ್ದು ಆಯ್ಕೆಯಾಗಿತ್ತು.

ಹುಡುಗಿ ನನ್ನ ಕೈ ಕುಲುಕಿದಳು. "ಉಳಿದವರೆಲ್ಲ ಕೈಯಿಂದ ಬರೆದರು ಸರ್. ನೀವು ಎದೆಯಿಂದಲೇ ಬರೆಸಿದ್ರಿ."

ಹೆಂಡತಿ ಅಷ್ಟರಲ್ಲಿ ಫ್ರೇಮನ್ನು ಗೋಡೆಯಿಂದ ಇಳಿಸಿ ಸೆರಗಿನಲ್ಲಿ ಸುತ್ತಿಯಾಗಿತ್ತು. "ಒಂದ್ ಗಳಿಗೆ ಕಣವ್ವ. ಆರ್ಟ್ ಡಾಕ್ಟ್ರು ಬಂದವ್ರೆ, ತೋರಿಸ್ಕಂಡ್ ಬಂದ್ಬುಡ್ತೀವಿ."

"ಅಂಥವರು ಇಲ್ಲಿಗೂ ಬಂದಿದ್ದಾರಾ?" ಎಂದು ಹುಡುಗಿ ಕಣ್ಣರಳಿಸಿದಳು.

ಡಾಕ್ಟರು ಫ್ರೇಮಿನ ಪಕ್ಕದಲ್ಲಿ ಹೊಸ ಕಾಗದವಿಟ್ಟು ಬಹಳ ಹೊತ್ತು ನೋಡಿದರು. ಹೆಂಡತಿ ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದಳು. ಕೊನೆಗೆ ಅವರು ಕನ್ನಡಕ ತೆಗೆದು, "ಹಳೇದರಲ್ಲೂ ಇದೆ. ಹೊಸದೇನೂ ಇಲ್ಲ. ನಡೆಯೋದು ಮಾತ್ರ ಬಿಡಬೇಡಿ," ಎಂದರು.

ಹೆಂಡತಿ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು. ಅವಳ ಕೈ ಹಿಡಿದು, "ನೀನಿಲ್ದಿದ್ರೆ ನಾನಿರ್ತಿರ್ನಿಲ್ಲ ಕಣಮ್ಮಿ," ಎಂದೆ. ಎರಡು ವರ್ಷ ತಡವಾಗಿ ಬಂದ ಮಾತು. ಅವಳು ಮೂಗು ಒರೆಸಿಕೊಂಡು, "ಏಳಿ, ಪಟ ವಾಪಸ್ ಕೊಡ್ಬೇಕು," ಎಂದಳು.

ಹುಡುಗಿ ಪ್ರದರ್ಶನದ ಬಾಗಿಲಲ್ಲೇ ಕಾದು ನಿಂತಿದ್ದಳು. "ಏನಂದ್ರು ಅಮ್ಮಾ ಡಾಕ್ಟ್ರು?"

ಹೆಂಡತಿಯ ಮುಖ ತುಂಬ ನಗು, ಕಣ್ಣು ತುಂಬ ನೀರು. "ಒಸದೇನೂ ಇಲ್ವಂತೆ ಕಣವ್ವ, ಎಲ್ಲಾ ಅಳೇದೇ ಅಂತೆ."

ಹುಡುಗಿಯ ಮುಖ ಬಾಡಿತು. ಫ್ರೇಮನ್ನು ಮತ್ತೆ ಗೋಡೆಗೆ ತಗುಲಿಸಿ, ನನ್ನ ಭುಜ ತಟ್ಟಿ ಮೆತ್ತಗೆ ಹೇಳಿದಳು. "ವಿಮರ್ಶಕರು ಹಾಗೇ ಸರ್. ಹಾರ್ಟಿಗೆ ತಗೋಬೇಡಿ."